ಗೋಡೆಯಿಂದ ಇಳಿದ ಚಿತ್ರದ ಪರವಾಗಿ

ಕಳೆದ ತಿಂಗಳು ನಮ್ಮ ಸಂಘದ ವಾಚನಾಲಯದ ಗೋಡೆಯಿಂದ ಒಂದು ಚಿತ್ರ ಕೆಳಗಿಳಿಯಿತು. ಇಳಿಸಬೇಕೆಂದು ಠರಾವು ಆಗಲಿಲ್ಲ, ಸಭೆ ಸೇರಲಿಲ್ಲ, ಸೂಚನಾ ಫಲಕದಲ್ಲಿ ಒಂದು ಸಾಲೂ ಬರಲಿಲ್ಲ. ಶನಿವಾರ ಸಂಜೆ ಇದ್ದದ್ದು ಭಾನುವಾರ ಬೆಳಿಗ್ಗೆ ಇರಲಿಲ್ಲ. ಹುಡುಕಿದಾಗ ಹಳೆಯ ಸಂಚಿಕೆಗಳನ್ನಿಡುವ ಕಪಾಟಿನ ಹಿಂದೆ, ಮುಖವನ್ನು ಗೋಡೆಗೆ ಮಾಡಿ ನಿಲ್ಲಿಸಿದ್ದು ಕಂಡಿತು. ಕೇಂದ್ರ ಸರಕಾರದ ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಗುಮಾಸ್ತಗಿರಿ ಮಾಡುತ್ತಿರುವ ನಮಗೆ ಒಂದು ಚಟವಿದೆ. ಟಿಪ್ಪಣಿ ಇಲ್ಲದೆ ಯಾವ ಕಡತವನ್ನೂ ಮುಚ್ಚಬಾರದೆಂಬುದು ಆ ಚಟ. ಆದ್ದರಿಂದ ಈ ಟಿಪ್ಪಣಿ.

ಚಿತ್ರ ಯಾವುದೆಂದರೆ, ಫ್ರಾನ್ಸಿನ ಚಿತ್ರಕಾರ ತುಲೂಸ್-ಲೋತ್ರೆಕ್ 1893ರಲ್ಲಿ ಕಲ್ಲಚ್ಚಿನಲ್ಲಿ ಮಾಡಿದ ಒಂದು ಪೋಸ್ಟರು. ಜೇನ್ ಅವ್ರಿಲ್ ಎಂಬ ನರ್ತಕಿ ಪ್ಯಾರಿಸಿನ ‘ಜಾರ್ದಾಂ ದ ಪಾರಿ’ ಎಂಬ ರಂಜನಾಗೃಹದಲ್ಲಿ ಕುಣಿಯುತ್ತಾಳೆಂದು ಊರಿಗೆ ಸಾರುವ ಪೋಸ್ಟರು. ಮೂಲಪ್ರತಿಯಲ್ಲ, ಚಿತ್ರಕಲಾ ಶಾಲೆಯಲ್ಲಿ ಓದುತ್ತಿರುವ ನಮ್ಮ ಸದಸ್ಯರೊಬ್ಬರ ಮಗಳು ಕಟ್ಟು ಹಾಕಿಸಿ ಪ್ರೀತಿಯಿಂದ ಕೊಟ್ಟ ನಕಲು. ಹದಿನೈದು ದಿನ ಅದು ಸರಸ್ವತಿಯ ಪಟದ ಪಕ್ಕದಲ್ಲಿ ತೂಗಿತು. ಹದಿನಾರನೆಯ ದಿನ ನಾವೆಲ್ಲ ಕಾಕಾ ಎಂದು ಕರೆಯುವ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು ನೋಡಿದರು. “ಏನ್ರೀ ಇದು? ಸರಸ್ವತಿ ಮಗ್ಗಲಕ್ಕ ಕ್ಯಾಬರೆ ಹೆಂಗಸನ್ನ ನೇತು ಹಾಕೀರಲ್ಲ!” ಎಂದರು. ಅಲ್ಲಿದ್ದ ತರುಣ ಸದಸ್ಯರೊಬ್ಬರು ಉತ್ತರ ಕೊಟ್ಟರು: “ಕಾಕಾ, ಇದು ಲೋಕಪ್ರಸಿದ್ಧ ಚಿತ್ರರಿ. ಇದರ ಮೂಲಪ್ರತಿ ಹರಾಜಿಗೆ ಬಂದ್ರ ಲಕ್ಷಗಟ್ಟಲೆ ರೂಪಾಯಿ.” ಮಾತು ಅಲ್ಲಿಗೆ ನಿಂತಿತು. ಮರುದಿನ ಚಿತ್ರ ಇಳಿಯಿತು.

ನಮ್ಮ ದೂರು ಕಾಕಾ ಅವರ ಮೇಲೆ ಮಾತ್ರವಲ್ಲ, ಆ ತರುಣರ ಮೇಲೂ ಇದೆ. ಒಬ್ಬರು ಹೆಂಗಸಿನ ಕಸುಬು ಕೇಳಿ ಮುಖ ತಿರುಗಿಸಿದರು. ಇನ್ನೊಬ್ಬರು ಚಿತ್ರದ ಬೆಲೆ ಕೇಳಿ ಕೈಮುಗಿದರು. ಚಿತ್ರದಲ್ಲಿರುವ ಮುಖವನ್ನು ಇಬ್ಬರೂ ನೋಡಲಿಲ್ಲ. ನೋಡಿದ್ದರೆ ಒಬ್ಬರಿಗೆ ಸಿಟ್ಟು ಬರುತ್ತಿರಲಿಲ್ಲ, ಇನ್ನೊಬ್ಬರಿಗೆ ಹರಾಜು ನೆನಪಾಗುತ್ತಿರಲಿಲ್ಲ.

ಬನ್ನಿ, ನೋಡೋಣ. ಓರೆಯಾಗಿ ಹಾಸಿದ ರಂಗದ ಹಲಗೆಗಳು. ಅವುಗಳ ಮೇಲೆ ಕಿತ್ತಳೆ ಬಣ್ಣದ ಉಡುಪಿನ ತೆಳ್ಳನೆಯ ಹೆಂಗಸು ಒಂಟಿಯಾಗಿ ನಿಂತಿದ್ದಾಳೆ. ಕರಿಯ ಕಾಲುಚೀಲದ ಒಂದು ಕಾಲನ್ನು ಎತ್ತಿದ್ದಾಳೆ. ನಿಜ, ಕಾಲು ಎತ್ತಿದ್ದಾಳೆ, ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಕಾಲಿನಿಂದ ಕಣ್ಣು ತೆಗೆದು ಮೇಲೆ ನೋಡಿದರೆ ಏನು ಕಾಣುತ್ತದೆ? ನಗು ಇಲ್ಲ, ಕಣ್ಣುಹೊಡೆತವಿಲ್ಲ, ಕರೆಯುವ ಭಾವವೇ ಇಲ್ಲ. ತುಟಿಗಳು ಕೆಳಮುಖವಾಗಿವೆ, ಕಣ್ಣು ಕಿರಿದಾಗಿವೆ, ಕೆನ್ನೆಯಲ್ಲಿ ದಣಿವಿದೆ. ರಾತ್ರಿ ಪಾಳಿ ಮುಗಿಸಿ ಲೋಕಲ್ ಗಾಡಿಯಲ್ಲಿ ಕಿಟಕಿಗೆ ತಲೆಯಾನಿಸಿ ಕೂತವರ ಮುಖದಲ್ಲಿ ಕಾಣುವ ದಣಿವು ಅದು. ಆ ಹೆಂಗಸು ಕೆಲಸದ ಮೇಲಿದ್ದಾಳೆ.

ಇನ್ನು ಚಿತ್ರದ ಕೆಳಗಿನ ಮೂಲೆ ನೋಡಿ. ಅಲ್ಲಿ ವಾದ್ಯಗಾರನೊಬ್ಬನ ಕೈ ದೊಡ್ಡ ತಂತಿವಾದ್ಯದ ಕತ್ತನ್ನು ಬಿಗಿಯಾಗಿ ಹಿಡಿದಿದೆ. ಆತನ ಮುಖ ಪೂರ್ತಿ ಕಾಣುವುದಿಲ್ಲ. ಆ ವಾದ್ಯದ ತಲೆಯಿಂದಲೇ ಒಂದು ಗೆರೆ ಹೊರಟು, ನರ್ತಕಿಯ ಸುತ್ತ ಸುತ್ತಿ ಬಂದು ಇಡೀ ಚಿತ್ರಕ್ಕೆ ಚೌಕಟ್ಟಾಗುತ್ತದೆ. ಚಿತ್ರಕಾರ ಇಲ್ಲಿ ಮಾಡಿದ್ದೇನು? ನೋಡುವವರ ಜಾಗವನ್ನೇ ಚಿತ್ರದೊಳಗೆ ತಂದಿದ್ದಾನೆ. ಆ ಒರಟು ಕೈ ನಮ್ಮ ಪಕ್ಕದಲ್ಲೇ, ನಮ್ಮ ಸಾಲಿನಲ್ಲೇ ಇದೆ. ಚೌಕಟ್ಟಿನೊಳಗೆ ಸಿಕ್ಕಿಹಾಕಿಕೊಂಡವಳು ಆಕೆ, ಚೌಕಟ್ಟು ಹಿಡಿದು ಕೂತವರು ನಾವು. ಅಶ್ಲೀಲವೆಂಬುದು ಈ ಚಿತ್ರದಲ್ಲಿ ಇದ್ದರೆ ಅದು ರಂಗದ ಮೇಲಿಲ್ಲ, ಕೆಳಗೆ ಪ್ರೇಕ್ಷಕರ ಸಾಲಿನಲ್ಲಿದೆ. ಇದನ್ನು ಬಾಯಿಬಿಟ್ಟು ಹೇಳಿದ ಚಿತ್ರವನ್ನೇ ನಾವು ಗೋಡೆಗೆ ಮುಖಮಾಡಿ ನಿಲ್ಲಿಸಿದೆವು!

ಸರಸ್ವತಿಯ ಮಗ್ಗುಲಲ್ಲಿ ತೂಗಹಾಕಿದ್ದೇ ಅಪರಾಧ ಎಂಬ ಮಾತಿಗೆ ಬರೋಣ. ಇಲ್ಲಿ ನಮ್ಮ ಬಿ.ಎಸ್ಸಿ. ಪದವಿ ಅಪರೂಪಕ್ಕೆ ಉಪಯೋಗಕ್ಕೆ ಬರುತ್ತದೆ. ಕಲ್ಲಚ್ಚಿನ ಗುಟ್ಟು ಎಣ್ಣೆ ಮತ್ತು ನೀರಿನ ಜಗಳದಲ್ಲಿದೆ. ನುಣುಪಾಗಿ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆಯುತ್ತಾರೆ. ಅರೇಬಿಕ್ ಗೋಂದಿಗೆ ತುಸು ನೈಟ್ರಿಕ್ ಆಮ್ಲ ಸೇರಿಸಿ ಬಳಿಯುತ್ತಾರೆ. ಆಮೇಲೆ ಕಲ್ಲನ್ನು ಒದ್ದೆ ಮಾಡಿದರೆ ಚಿತ್ರವಿಲ್ಲದ ಜಾಗ ನೀರು ಕುಡಿಯುತ್ತದೆ, ಜಿಡ್ಡಿನ ಗೆರೆ ನೀರನ್ನು ದೂಡುತ್ತದೆ. ಎಣ್ಣೆಯ ಮಸಿ ಉರುಳಿಸಿದರೆ ಅದು ಜಿಡ್ಡಿಗೆ ಮಾತ್ರ ಅಂಟುತ್ತದೆ. ಕಾಗದವಿಟ್ಟು ಒತ್ತಿದರೆ ಕಲ್ಲಿನ ಮೇಲಿನ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಮೂಡುತ್ತದೆ. ಬಣ್ಣ ನಾಲ್ಕಾದರೆ ಕಲ್ಲೂ ನಾಲ್ಕು ಬೇಕು, ಒಂದರ ಮೇಲೊಂದು ಕೂದಲೆಳೆ ತಪ್ಪದೆ ಕೂರಬೇಕು. 18ನೇ ಶತಮಾನದ ಕೊನೆಯ ವರ್ಷಗಳಲ್ಲಿ ಈ ವಿದ್ಯೆಯನ್ನು ಕಂಡುಹಿಡಿದವನು ಬವೇರಿಯಾದ ಆಲೋಯಿಸ್ ಸೆನೆಫೆಲ್ಡರ್. ಅವನೊಬ್ಬ ನಾಟಕಕಾರ. ತನ್ನ ನಾಟಕಗಳನ್ನು ಅಗ್ಗವಾಗಿ ಅಚ್ಚು ಹಾಕಿಸಬೇಕೆಂಬ ಬಡತನದ ಹಟದಿಂದ ಹುಟ್ಟಿದ ವಿದ್ಯೆ ಇದು.

ಇದೇ ವಿದ್ಯೆ, ಇದೇ ಬಗೆಯ ಕಲ್ಲು, ಜರ್ಮನಿಯಿಂದ ಯಂತ್ರ ಮತ್ತು ಕುಶಲಕರ್ಮಿಗಳ ಸಮೇತ ಮುಂಬೈಗೆ ಬಂತು. 1894ರಲ್ಲಿ ಅಲ್ಲಿ ರವಿವರ್ಮನ ಮುದ್ರಣಾಲಯ ಶುರುವಾಯಿತು. ಮುಂದೆ ಅದು ಲೋನಾವಳಾ ಬಳಿಯ ಮಳವಲಿಗೆ ಹೋಯಿತು. ಪುಣೆಯಿಂದ ಲೋಕಲ್‌ನಲ್ಲಿ ಹೋಗುವಾಗ ನಾವು ತಲೆಯೆತ್ತಿಯೂ ನೋಡದೆ ದಾಟುವ ಅದೇ ಮಳವಲಿ. ಅಲ್ಲಿಂದ ಹೊರಟ ಲಕ್ಷ್ಮಿ, ಸರಸ್ವತಿಯರು ನಮ್ಮ ಅಜ್ಜಿಯರ ದೇವರ ಗೂಡು ಸೇರಿದರು. ನಮ್ಮ ವಾಚನಾಲಯದ ಗೋಡೆಯಲ್ಲಿ ವೀಣೆ ಹಿಡಿದು ಕೂತಿರುವ ದೇವಿಯೂ ಆ ರವಿವರ್ಮನ ಸರಸ್ವತಿಯೇ. ಅಂದರೆ ಪ್ಯಾರಿಸಿನ ನರ್ತಕಿ ಕಲ್ಲಿನಿಂದ ಎದ್ದ ಮರುವರ್ಷವೇ ನಮ್ಮ ದೇವಿಯರ ಅಚ್ಚುಕೂಟ ತೆರೆಯಿತು. ಇಬ್ಬರೂ ಒಂದೇ ಕಸುಬಿನ ಕೈಗಳಿಂದ ಬಂದವರು. ಮಗ್ಗುಲಲ್ಲಿ ನಿಲ್ಲಲು ಸರಸ್ವತಿಗೆ ಸಂಕೋಚವಿಲ್ಲ. ಕಲೆಯ ಅಧಿದೇವತೆಗೆ ಕುಣಿಯುವವಳು ಹೊಲೆಯೇ? ಸಂಕೋಚ ನಮ್ಮದು.

ಎರಡನೆಯದು ‘ಕ್ಯಾಬರೆ’ ಎಂಬ ಶಬ್ದ. ಈ ಶಬ್ದ ನಮ್ಮ ಕಿವಿಗೆ ಬಿದ್ದದ್ದು ಹಿಂದಿ ಸಿನಿಮಾದ ಮೂಲಕ. ಕಳ್ಳಸಾಗಣೆದಾರನ ಹೋಟೆಲು, ಹೊಗೆ, ಗಾಜಿನ ಮೆಟ್ಟಿಲು, ಅಲ್ಲೊಂದು ಕುಣಿತ. ಅದೇ ನಮ್ಮ ನಿಘಂಟು. ಆದರೆ ಪ್ಯಾರಿಸಿನ ಮೊಂಮಾರ್ತ್ ಗುಡ್ಡದಲ್ಲಿ 1881ರಲ್ಲಿ ರೊದೋಲ್ಫ್ ಸಾಲಿ ಎಂಬಾತ ತೆರೆದ ‘ಶಾ ನುವಾರ್’, ಅಂದರೆ ‘ಕರಿಬೆಕ್ಕು’ ಎಂಬ ಕ್ಯಾಬರೆಯಲ್ಲಿ ಕವಿಗಳು ಕವಿತೆ ಓದುತ್ತಿದ್ದರು, ಹಾಡುಗಾರರು ತಾವೇ ಕಟ್ಟಿದ ಹಾಡು ಹಾಡುತ್ತಿದ್ದರು, ನಮ್ಮ ತೊಗಲುಗೊಂಬೆಯಾಟದ ದೂರದ ನೆಂಟನಂಥ ನೆರಳಾಟ ನಡೆಯುತ್ತಿತ್ತು. ಕೆಫೆ-ಕೊನ್ಸೇರ್ ಎಂಬ ಹಾಡಿನ ಅಂಗಡಿಗಳಿಗೆ ಅಂಗಡಿಯಾಳುಗಳು, ಕೈಕಸುಬಿನವರು, ಗುಮಾಸ್ತರು ಬರುತ್ತಿದ್ದರು. ಹೌದು, ನಮ್ಮಂಥ ಗುಮಾಸ್ತರು! ಹಾಗೆಂದು ಅದೆಲ್ಲ ಭಜನಾಮಂದಿರವಾಗಿತ್ತೆಂದು ನಾವು ಸುಳ್ಳು ಹೇಳುವುದಿಲ್ಲ. ಹಣವಂತ ಗಂಡಸರು ಹೆಣ್ಣಿನ ಕಾಲು ನೋಡಲು ಬರುತ್ತಿದ್ದ ಜಾಗಗಳೂ ಅಲ್ಲಿದ್ದವು. ಜಾರ್ದಾಂ ದ ಪಾರಿ ಅಂಥದ್ದೇ. ಪ್ರಶ್ನೆ ಜಾಗದ್ದಲ್ಲ. ಅಂಥ ಜಾಗದಲ್ಲಿ ದುಡಿದು ಉಂಡ ಹೆಂಗಸಿಗೆ ನಾವು ಕೊಡುವ ಸ್ಥಾನ ಯಾವುದು ಎಂಬುದು ಪ್ರಶ್ನೆ.

ಆಕೆ ಯಾರು? ಹುಟ್ಟಿದ್ದು 1868ರಲ್ಲಿ, ಪ್ಯಾರಿಸಿನ ಬೆಲ್ವಿಲ್‌ನಲ್ಲಿ. ಹುಟ್ಟುಹೆಸರು ಜಾನ್ ಬೊದೋಂ. ತಾಯಿಯ ಹೊಡೆತ ತಾಳಲಾರದೆ ಮನೆ ಬಿಟ್ಟ ಹುಡುಗಿ. ಕೈಕಾಲು ತಾವಾಗಿ ಅದುರುವ ನರರೋಗಕ್ಕೆಂದು 1882ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಸಾಲ್‌ಪೆತ್ರಿಯೇರ್ ಆಸ್ಪತ್ರೆ ಸೇರಿದಳು. ಶಾರ್ಕೋ ಎಂಬ ಜಗತ್ಪ್ರಸಿದ್ಧ ನರರೋಗತಜ್ಞರ ಆಸ್ಪತ್ರೆ ಅದು. ಅಲ್ಲಿಯ ರೋಗಿಗಳಿಗಾಗಿ ನಡೆಯುತ್ತಿದ್ದ ವೇಷದ ನೃತ್ಯಕೂಟದಲ್ಲಿ ಈ ಹುಡುಗಿ ಕುಣಿದಳು. ಕುಣಿತವೇ ತನಗೆ ಔಷಧವಾಯಿತೆಂಬ ಅರ್ಥದ ಮಾತನ್ನು ಮುಂದೆ 1933ರಲ್ಲಿ ಪ್ಯಾರಿಸಿನ ಪತ್ರಿಕೆಯೊಂದರಲ್ಲಿ ಬಂದ ತನ್ನ ನೆನಪುಗಳಲ್ಲಿ ಬರೆದುಕೊಂಡಿದ್ದಾಳೆ. 1889ರಲ್ಲಿ ‘ಮೂಲಾಂ ರೂಜ್’ ತೆರೆಯಿತು, ಆಕೆ ಅಲ್ಲಿ ಕುಣಿಯತೊಡಗಿದಳು. ಗುಂಪಿನೊಡನೆ ಅಲ್ಲ, ಹೆಚ್ಚಾಗಿ ಒಂಟಿಯಾಗಿ, ತಾನೇ ಆರಿಸಿಕೊಂಡ ಬಣ್ಣದ ಉಡುಪಿನಲ್ಲಿ. ಜನ ಆಕೆಗಿಟ್ಟ ಅಡ್ಡಹೆಸರು ‘ಮೆಲಿನೀತ್’. ಅದು ಆ ಕಾಲದ ಫ್ರೆಂಚ್ ಸೇನೆಯ ಸಿಡಿಮದ್ದು. ಕಾಲೇಜಿನ ಪ್ರಯೋಗಾಲಯದಲ್ಲಿ ಒಣಗಬಾರದೆಂದು ನೀರು ಹಾಕಿಡುತ್ತಿದ್ದ ಹಳದಿ ಪಿಕ್ರಿಕ್ ಆಮ್ಲವೇ ಅದರ ಮೂಲ. ಆಸ್ಪತ್ರೆಯವರು ರೋಗ ಎಂದದ್ದನ್ನು ಊರು ಸಿಡಿಮದ್ದು ಎಂದಿತು. ಆಕೆ ಅದನ್ನು ಕಸುಬು ಮಾಡಿಕೊಂಡಳು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಾವು ಇದಕ್ಕಿಂತ ದೊಡ್ಡದೇನು ಸಾಧಿಸಿದ್ದೇವೆ?

ಈಗ ತರುಣ ಮಿತ್ರರ ಕಡೆ ತಿರುಗೋಣ. “ಲೋತ್ರೆಕ್‌ನ ಚಿತ್ರ, ಆದ್ದರಿಂದ ದೊಡ್ಡದು” ಎಂಬುದು ಅವರ ವಾದ. ಲೋತ್ರೆಕ್ ದೊಡ್ಡವನೇ, ಸಂಶಯವಿಲ್ಲ. 1864ರಲ್ಲಿ ದೊಡ್ಡ ಮನೆತನದಲ್ಲಿ ಹುಟ್ಟಿ, ಹುಡುಗತನದಲ್ಲೇ ಎರಡೂ ಕಾಲಿನ ಮೂಳೆ ಮುರಿದು ಬೆಳವಣಿಗೆ ನಿಂತು, 1901ರಲ್ಲಿ ಮೂವತ್ತಾರಕ್ಕೇ ತೀರಿಕೊಂಡವನು. ಅಷ್ಟರಲ್ಲಿ ಮುನ್ನೂರಕ್ಕೂ ಹೆಚ್ಚು ಕಲ್ಲಚ್ಚಿನ ಚಿತ್ರ ಮಾಡಿದವನು. ಆದರೆ ಈ ಪೋಸ್ಟರನ್ನು ಮಾಡಿಕೊಡೆಂದು ಕೇಳಿದವರು ಯಾರು? ಜೇನ್ ಅವ್ರಿಲ್! ತನ್ನ ಕುಣಿತದ ಪ್ರಚಾರಕ್ಕೆ ಚಿತ್ರಕಾರನನ್ನು ಆರಿಸಿದ್ದು ನರ್ತಕಿ. ಅದೂ ಮುಖವನ್ನು ಚೆಂದ ಮಾಡಿ ಬರೆಯದವನೆಂದು ಗೊತ್ತಿದ್ದ ಚಿತ್ರಕಾರನನ್ನು. ಹಾಡುಗಾರ್ತಿ ಇವೆತ್ ಗಿಲ್ಬೇರ್ 1894ರಲ್ಲಿ ಇದೇ ಲೋತ್ರೆಕ್ ತಂದ ಪೋಸ್ಟರಿನ ಕರಡನ್ನು ನೋಡಿ, ತನ್ನನ್ನು ಇಷ್ಟು ಕುರೂಪಿ ಮಾಡಬೇಡವೆಂದು ಬೇಡಿಕೊಂಡು ಒಲ್ಲೆನೆಂದಳು. ಅವ್ರಿಲ್ ಒಲ್ಲೆನೆನ್ನಲಿಲ್ಲ. ದಣಿದ ತನ್ನ ಮುಖವನ್ನೇ ಊರಿನ ಗೋಡೆಗೆ ಅಂಟಿಸಲು ಒಪ್ಪಿದಳು. 1896ರಲ್ಲಿ ತಮ್ಮ ನೃತ್ಯತಂಡ ಲಂಡನ್ನಿನ ರಂಗಮಂದಿರಕ್ಕೆ ಹೊರಟಾಗಲೂ ಅವನಿಂದಲೇ ಪೋಸ್ಟರು ಮಾಡಿಸಿದಳು. 1899ರಲ್ಲಿ ಮತ್ತೊಮ್ಮೆ ಮಾಡಿಸಿದಳು. ಕರಿಯ ಉಡುಪಿಗೆ ಹಾವು ಸುತ್ತಿಕೊಂಡಂತಿರುವ ಆ ಚಿತ್ರ ಗೋಡೆಗೇರಲೇ ಇಲ್ಲ. ಗೋಡೆಯ ಭಾಗ್ಯ ಆಕೆಗೆ ಅಲ್ಲಿಯೂ ಒಮ್ಮೆ ತಪ್ಪಿತ್ತು, ನಮ್ಮ ವಾಚನಾಲಯ ಎರಡನೆಯದು.

ಇನ್ನೂ ಒಂದು ಮಾತು. ಅದೇ 1893ರಲ್ಲಿ ‘ಲೆಸ್ತಾಂಪ್ ಒರಿಜಿನಾಲ್’ ಎಂಬ ಚಿತ್ರಸಂಪುಟದ ಮುಖಪುಟಕ್ಕೆ ಲೋತ್ರೆಕ್ ಇನ್ನೊಂದು ಕಲ್ಲಚ್ಚು ಮಾಡಿದ. ಅದರಲ್ಲಿಯೂ ಇರುವವಳು ಜೇನ್ ಅವ್ರಿಲ್. ಆದರೆ ಕುಣಿಯುತ್ತಿಲ್ಲ. ಆಂಕೂರ್ ಎಂಬವರ ಅಚ್ಚುಕೂಟದಲ್ಲಿ ಟೋಪಿ, ನಿಲುವಂಗಿ ತೊಟ್ಟು ನಿಂತಿದ್ದಾಳೆ. ಆಗತಾನೇ ಒತ್ತಿ ತೆಗೆದ ಹಾಳೆಯನ್ನು ಕೈಯಲ್ಲಿ ಹಿಡಿದು, ಮಸಿ ಸರಿಯಾಗಿ ಬಿದ್ದಿದೆಯೇ ಎಂದು ನೋಡುವವಳಂತೆ ಗಮನವಿಟ್ಟು ನೋಡುತ್ತಿದ್ದಾಳೆ. ಹಿಂದೆ ಕೊತೆಲ್ ಎಂಬ ವಯಸ್ಸಾದ ಅಚ್ಚುಗಾರ ತನ್ನ ಯಂತ್ರ ತಿರುಗಿಸುತ್ತಿದ್ದಾನೆ. ಚಿತ್ರ ನೋಡಬಲ್ಲವರಿಗಾಗಿ ಹೊರಟ ಸಂಪುಟ ಅದು. ನೋಡಬಲ್ಲವರು ಹೇಗಿರುತ್ತಾರೆಂದು ತೋರಿಸಲು ಚಿತ್ರಕಾರ ಯಾವ ಪಂಡಿತನನ್ನೂ ಕೂರಿಸಲಿಲ್ಲ, ಈ ನರ್ತಕಿಯನ್ನು ನಿಲ್ಲಿಸಿದ. ಅವಳ ಕಣ್ಣಿಗೆ ಅವನು ಕೊಟ್ಟ ಮರ್ಯಾದೆ ಇದು. ಹರಾಜಿನ ಬೆಲೆ ಹೇಳುವವರಿಗೆ ಈ ಮರ್ಯಾದೆಯ ಸುದ್ದಿ ಬೇಕಿಲ್ಲ. ಊರ ಗೋಡೆಗೆ ಮೈದಾಹಿಟ್ಟಿನಂಥ ಅಂಟು ಬಳಿದು ಹಚ್ಚಿ, ಮಳೆಗೆ ಬಿಟ್ಟುಬಿಡಲೆಂದು ಮಾಡಿದ ಕಾಗದ ಪೋಸ್ಟರು. ಅದು ಲಕ್ಷ ಬಾಳಿದರೆಷ್ಟು, ಬಿಟ್ಟರೆಷ್ಟು? ಬೆಲೆಯ ಚೀಟಿ ಕಂಡ ಮೇಲೆ ಬರುವ ಗೌರವ ಅರ್ಧ ಅವಮಾನವೇ.

ಈ ಮುಖ ನಮಗೆ ಯಾಕೆ ಇಷ್ಟು ಪರಿಚಿತವೆನಿಸಿತು ಎಂದು ಯೋಚಿಸಿದೆವು. ನೆನಪಾದದ್ದು ಬಾದಾಮಿಯ ಬನಶಂಕರಿ ಜಾತ್ರೆ. ನಮ್ಮ ಬಾಲ್ಯದಲ್ಲಿ ಅಲ್ಲಿ ನಾಟಕ ಕಂಪನಿಗಳು ವಾರಗಟ್ಟಲೆ ತಗಡಿನ ಥಿಯೇಟರು ಕಟ್ಟಿ ಇರುತ್ತಿದ್ದವು. ಒಂದು ರಾತ್ರಿ ನಮ್ಮ ಸೋದರಮಾವ ನಾಯಕಿಯ ಹಾಡಿಗೆ ಮೂರು ಸಲ ಒನ್ಸ್‌ಮೋರ್ ಕೂಗಿ, ಆಹೇರಿ ಕೊಟ್ಟು, ರಂಗದ ಮೇಲಿಂದ ತನ್ನ ಹೆಸರು ಹೇಳಿಸಿಕೊಂಡ. ಬೆಳಿಗ್ಗೆ ಅದೇ ಹೆಣ್ಣುಮಗಳು ನಳದ ಹತ್ತಿರ ಕೊಡ ಹಿಡಿದು ಬಂದಳು. ಕಿವಿಯ ಹಿಂದೆ ಬಣ್ಣ ಇನ್ನೂ ಉಳಿದಿತ್ತು. ಸರದಿಯಲ್ಲಿದ್ದ ಹೆಂಗಸರು ತಮ್ಮ ಕೊಡಗಳನ್ನು ದೂರ ಸರಿಸಿಕೊಂಡರು. ನಮ್ಮ ಮಾವ ಅಲ್ಲೇ ಬೇವಿನಕಡ್ಡಿ ಜಗಿಯುತ್ತ ನಿಂತಿದ್ದ, ಪರಿಚಯವೇ ಇಲ್ಲದವನಂತೆ ಆಚೆ ನೋಡಿದ. ಆಕೆಗೆ ಸಿಟ್ಟು ಬರಲಿಲ್ಲ. ಸರದಿ ಬರುವ ತನಕ ನಿಂತು, ನೀರು ತುಂಬಿಕೊಂಡು ಹೋದಳು. ತುಟಿ ಕೆಳಗಾದ ಆ ಮುಖವನ್ನೇ ನಾವು ಈ ಪೋಸ್ಟರಿನಲ್ಲಿ ಕಂಡದ್ದು. ಬಾದಾಮಿಯ ನಳದ ಮುಂದೆ ಕೊಡ ಸರಿಸಿದವರೇ ಇಂದು ನಮ್ಮ ಸಂಘದಲ್ಲಿ ಚಿತ್ರ ಇಳಿಸಿದ್ದಾರೆ. ಊರು ಬದಲಾಯಿತು, ಕೈ ಬದಲಾಗಲಿಲ್ಲ.

“ಮಕ್ಕಳು ಬರುವ ಜಾಗ” ಎಂಬ ಆಕ್ಷೇಪಣೆ ಇದೆಯೆಂದು ಕೇಳಿದ್ದೇವೆ. ಒಳ್ಳೆಯದು. ಹಿಂದಿನ ವಾರ್ಷಿಕೋತ್ಸವದಲ್ಲಿ ಎಂಟು ವರ್ಷದ ನಮ್ಮ ಮಕ್ಕಳಿಗೆ ತುಟಿಗೆ ಬಣ್ಣ ಹಚ್ಚಿ, ಅರ್ಥ ಕೇಳಿದರೆ ತಂದೆತಾಯಿ ತಲೆತಗ್ಗಿಸಬೇಕಾದ ಸಿನಿಮಾ ಹಾಡಿಗೆ ಸೊಂಟ ಕುಣಿಸಲು ಹೇಳಿಕೊಟ್ಟವರು ನಾವೇ ಅಲ್ಲವೇ? ಆಗ ಮುಂದಿನ ಸಾಲಿನಲ್ಲಿ ಚಪ್ಪಾಳೆ ಬಿದ್ದವು. ನಗುತ್ತ ಕುಣಿದರೆ ಮನರಂಜನೆ, ದಣಿವು ತೋರಿಸಿದರೆ ಅಶ್ಲೀಲ, ಇದು ಯಾವ ನ್ಯಾಯ? ಮಕ್ಕಳಿಗೆ ಈ ಚಿತ್ರ ತೋರಿಸಬೇಕು ಎಂಬುದೇ ನಮ್ಮ ಅಭಿಮತ. ನಿಮ್ಮನ್ನು ರಂಜಿಸುವವರಿಗೂ ಕಾಲು ನೋಯುತ್ತದೆ ಎಂದು ತಿಳಿಸಲು ಇದಕ್ಕಿಂತ ಒಳ್ಳೆಯ ಪಾಠ ನಮಗೆ ಗೊತ್ತಿಲ್ಲ.

ಬೇರೆಯವರನ್ನು ಅಂದದ್ದಾಯಿತು. ನಮ್ಮ ಪಾಲಿನದನ್ನೂ ಒಪ್ಪಿಕೊಳ್ಳಬೇಕು. ಸಂಘದ ಆಮಂತ್ರಣ ಪತ್ರಿಕೆಯ ಕರಡು ಬರೆಯುವ ಕೆಲಸ ಎಷ್ಟೋ ವರ್ಷದಿಂದ ನಮ್ಮ ಮೇಲಿದೆ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತರು ಎಂದು ಎಲ್ಲರ ಹೆಸರು, ಪದವಿ, ಹುದ್ದೆ, ಭಾವಚಿತ್ರಗಳ ಸಮೇತ ಹಾಕುತ್ತೇವೆ. ಕೊನೆಯ ಸಾಲಿನಲ್ಲಿ ‘ನಂತರ ಮನರಂಜನಾ ಕಾರ್ಯಕ್ರಮ’ ಎಂದು ಬರೆಯುತ್ತೇವೆ. ಜನ ಬರುವುದು ಆ ಕೊನೆಯ ಸಾಲಿಗೆ. ಆದರೆ ಹಾಡುವವರಿಗೆ, ಕುಣಿಯುವವರಿಗೆ, ತಬಲಾ ಹೊತ್ತು ಬಸ್ಸಿನಲ್ಲಿ ಬರುವವರಿಗೆ ಅಲ್ಲಿ ಹೆಸರಿಲ್ಲ. ನೂರಮೂವತ್ತು ವರ್ಷದ ಹಿಂದೆ ಪ್ಯಾರಿಸಿನ ಗೋಡೆಯ ಮೇಲೆ ಕುಣಿಯುವವಳ ಹೆಸರು ದೊಡ್ಡ ಅಕ್ಷರದಲ್ಲಿತ್ತು. ಜಾಗದ ಯಜಮಾನನ ಭಾವಚಿತ್ರ ಅದರಲ್ಲಿ ಇರಲಿಲ್ಲ. ಈ ಲೆಕ್ಕದಲ್ಲಿ ಯಾರು ಸುಸಂಸ್ಕೃತರು? ನಾವೋ, ಅವರೋ?

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ನಮ್ಮ ಬೇಡಿಕೆ ಎರಡೇ. ಮೊದಲನೆಯದು, ಚಿತ್ರವನ್ನು ಕಪಾಟಿನ ಹಿಂದಿನಿಂದ ತೆಗೆದು ಅದೇ ಜಾಗದಲ್ಲಿ, ಸರಸ್ವತಿಯ ಪಕ್ಕದಲ್ಲಿ ತೂಗಹಾಕಬೇಕು. ಕೆಳಗೊಂದು ಚೀಟಿ ಅಂಟಿಸಬೇಕು. ಚೀಟಿಯ ಮೇಲೆ ಮೊದಲು ‘ಜೇನ್ ಅವ್ರಿಲ್, ನರ್ತಕಿ, 1868–1943’ ಎಂದಿರಲಿ. ಚಿತ್ರಕಾರನ ಹೆಸರು ಅದರ ಕೆಳಗೆ ಬರಲಿ. ಆಕೆ ಮುಪ್ಪಿನಲ್ಲಿ ಬಡತನದಲ್ಲಿ ಬದುಕಿ ವೃದ್ಧಾಶ್ರಮದಲ್ಲಿ ತೀರಿಕೊಂಡಳು. ಒಂದು ಚೀಟಿಯ ಋಣ ನಾವೂ ತೀರಿಸೋಣ. ಎರಡನೆಯದು, ಬರುವ ರಾಜ್ಯೋತ್ಸವದ ಆಮಂತ್ರಣದಲ್ಲಿ ರಂಗದ ಮೇಲೆ ಬರುವ ಪ್ರತಿಯೊಬ್ಬರ ಹೆಸರೂ ಅಚ್ಚಾಗಬೇಕು. ಜಾಗ ಸಾಲದಿದ್ದರೆ ಭಾವಚಿತ್ರಗಳು ಚಿಕ್ಕವಾಗಲಿ. ಕರಡು ಬರೆಯುವವರು ನಾವೇ ಆದ್ದರಿಂದ ಇದನ್ನು ಈಗಾಗಲೇ ಬರೆದಿಟ್ಟಿದ್ದೇವೆ, ಸಮಿತಿಯ ಸಹಿ ಬಿದ್ದರೆ ಸಾಕು.

ಕಾಕಾ ಅವರ ಮೇಲೆ ನಮಗೆ ಸಿಟ್ಟಿಲ್ಲ. ಚಿತ್ರ ಮೇಲೇರುವ ದಿನ ಅವರೇ ಬಂದು, ಕನ್ನಡಕ ಹಾಕಿಕೊಂಡು, ಈ ಸಲ ಮುಖದಿಂದ ಶುರುಮಾಡಿ ನೋಡಲಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇವೆ. ಮೊಳೆ ಇನ್ನೂ ಗೋಡೆಯಲ್ಲೇ ಇದೆ.